ಫ್ರಾನ್ಸ್ ಓ: ಕಡಲಾಚೆಯ ಜನರಿಗಾಗಿ ಇದ್ದ ಟಿವಿ ಚಾನೆಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸ್ ಓ ಅಂದರೆ ಯಾವ ಚಾನೆಲ್?

ಫ್ರಾನ್ಸಿನ ಸಾರ್ವಜನಿಕ ಟಿವಿ ಸಂಸ್ಥೆ ಫ್ರಾನ್ಸ್ ಟೆಲಿವಿಷನ್ಸ್ ನಡೆಸುತ್ತಿದ್ದ ಚಾನೆಲ್ ಅದು. ಫ್ರಾನ್ಸಿಗೆ ಸೇರಿದ, ಆದರೆ ಯುರೋಪಿನಿಂದ ಸಾವಿರಾರು ಕಿಲೋಮೀಟರ್ ದೂರ ಇರುವ ಊರುಗಳ ಸುದ್ದಿ, ಹಾಡು, ಹಬ್ಬ, ಜಗಳ ಎಲ್ಲವನ್ನೂ ತೋರಿಸುವುದು ಅದರ ಕೆಲಸ. 1998ರ ಮಾರ್ಚ್‌ನಲ್ಲಿ ಆರ್‌ಎಫ್‌ಓ ಸ್ಯಾಟ್ ಅನ್ನುವ ಹೆಸರಿನಲ್ಲಿ ಶುರುವಾಯಿತು. 2005ರ ಫೆಬ್ರವರಿಯಲ್ಲಿ ಹೆಸರು ಬದಲಾಗಿ ಫ್ರಾನ್ಸ್ ಓ ಆಯಿತು. 2020ರ ಆಗಸ್ಟ್ 23ರ ರಾತ್ರಿ ಪ್ರಸಾರ ನಿಂತುಹೋಯಿತು.

ಕಡಲಾಚೆಯ ಫ್ರಾನ್ಸ್ ಅಂದರೆ ಯಾವ ಯಾವ ಊರುಗಳು?

ಕೆರಿಬಿಯನ್ ಸಮುದ್ರದಲ್ಲಿ ಗ್ವಾಡಲೂಪ್ ಮತ್ತು ಮಾರ್ಟಿನಿಕ್. ದಕ್ಷಿಣ ಅಮೆರಿಕದಲ್ಲಿ ಬ್ರೆಜಿಲ್ ಪಕ್ಕದ ಫ್ರೆಂಚ್ ಗಯಾನ. ನಮ್ಮದೇ ಹಿಂದೂ ಮಹಾಸಾಗರದಲ್ಲಿ ರಿಯೂನಿಯನ್ ಮತ್ತು ಮಯೋಟ್. ಪೆಸಿಫಿಕ್‌ನಲ್ಲಿ ನ್ಯೂ ಕ್ಯಾಲಿಡೋನಿಯಾ, ಟಹೀಟಿ ಸೇರಿದ ಫ್ರೆಂಚ್ ಪಾಲಿನೇಷಿಯಾ, ವಾಲಿಸ್-ಫ್ಯುಟುನಾ. ಕೆನಡಾದ ಹತ್ತಿರ ಸುಮಾರು ಆರು ಸಾವಿರ ಜನರ ಸಾಂ ಪಿಯೆರ್-ಮಿಕೆಲೊ. ಇನ್ನೂ ಕೆಲವು ಪುಟ್ಟ ದ್ವೀಪಗಳಿವೆ. ಆದರೆ ಸಾರ್ವಜನಿಕ ಟಿವಿಯ ಸ್ಥಳೀಯ ಕೇಂದ್ರ ಇರುವುದು ಈ ಒಂಬತ್ತು ಕಡೆ. ಒಟ್ಟು ಜನಸಂಖ್ಯೆ 27-28 ಲಕ್ಷದ ಆಸುಪಾಸು.

ಇವೆಲ್ಲ ಒಂದೇ ದೇಶ ಅಂತ ಹೇಳುವುದು ಸುಲಭ, ಒಂದೇ ಟಿವಿಯಲ್ಲಿ ಕೂರಿಸುವುದು ಕಷ್ಟ. ಬೇಸಿಗೆಯಲ್ಲಿ ಪ್ಯಾರಿಸ್‌ನ ಗಡಿಯಾರ ಮಧ್ಯಾಹ್ನ 12 ತೋರಿಸುವಾಗ ರಿಯೂನಿಯನ್‌ನಲ್ಲಿ ಮಧ್ಯಾಹ್ನ 2. ನ್ಯೂ ಕ್ಯಾಲಿಡೋನಿಯಾದಲ್ಲಿ ರಾತ್ರಿ 9. ಟಹೀಟಿಯಲ್ಲಿ ಮಧ್ಯರಾತ್ರಿ. ರಾತ್ರಿ ಎಂಟರ ವಾರ್ತೆ ಅಂದರೆ ಯಾರ ಎಂಟು ಗಂಟೆ ಅನ್ನುವುದೇ ಅಲ್ಲಿ ದೊಡ್ಡ ಪ್ರಶ್ನೆ.

ಇದಕ್ಕೂ ಮುಂಚೆ ಅಲ್ಲಿ ಟಿವಿ ಇರಲಿಲ್ವಾ?

ಇತ್ತು. ರಿಯೂನಿಯನ್‌ನಲ್ಲಿ ಟಿವಿ ಶುರುವಾಗಿದ್ದು 1964ರ ಡಿಸೆಂಬರ್ 24ರಂದು. ಮಾರ್ಟಿನಿಕ್, ಗ್ವಾಡಲೂಪ್‌ಗಳಿಗೂ ಅದೇ ವರ್ಷ ಬಂತು. ಆಗ ಕಾರ್ಯಕ್ರಮಗಳು ಪ್ಯಾರಿಸ್‌ನಿಂದ ವಿಮಾನದಲ್ಲಿ ಬರುತ್ತಿದ್ದವು. ರೀಲು ಬಂದು ತಲುಪಿದ ಮೇಲೆ ಪ್ರಸಾರ. ಪ್ಯಾರಿಸ್‌ನವರು ನೋಡಿ ಮರೆತ ಕಾರ್ಯಕ್ರಮವನ್ನು ದ್ವೀಪದ ಜನ ಹೊಸದಾಗಿ ನೋಡುತ್ತಿದ್ದರು.

1982ರ ಕಾನೂನಿನ ಪ್ರಕಾರ ಕಡಲಾಚೆಯ ರೇಡಿಯೋ ಮತ್ತು ಟಿವಿಗೆಂದೇ ಆರ್‌ಎಫ್‌ಓ ಅನ್ನುವ ಪ್ರತ್ಯೇಕ ಸಂಸ್ಥೆ ಬಂತು. 2004ರಲ್ಲಿ ಅದು ಫ್ರಾನ್ಸ್ ಟೆಲಿವಿಷನ್ಸ್ ಒಳಗೆ ಸೇರಿಕೊಂಡಿತು.

ಹಾಗಾದರೆ 1998ರಲ್ಲಿ ಹೊಸದಾಗಿ ಏನಾಯಿತು?

ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಅಲ್ಲಿಯವರೆಗೆ ಟಿವಿ ಹರಿದಿದ್ದು ಹೆಚ್ಚಾಗಿ ಒಂದೇ ದಿಕ್ಕಿಗೆ: ಪ್ಯಾರಿಸ್‌ನಿಂದ ದ್ವೀಪಗಳಿಗೆ. ಮಾರ್ಟಿನಿಕ್‌ನ ಹುಡುಗನಿಗೆ ಪ್ಯಾರಿಸ್‌ನ ಮಂತ್ರಿಗಳ ಮುಖ, ಆಲ್ಪ್ಸ್ ಬೆಟ್ಟದ ಹಿಮ, ಸೈಕಲ್ ರೇಸು ಎಲ್ಲ ಗೊತ್ತು. ಪ್ಯಾರಿಸ್‌ನ ಹುಡುಗನಿಗೆ ಮಾರ್ಟಿನಿಕ್‌ನ ಒಬ್ಬ ಮೇಯರ್ ಹೆಸರೂ ಗೊತ್ತಿಲ್ಲ. ಆರ್‌ಎಫ್‌ಓ ಸ್ಯಾಟ್ ಈ ದಿಕ್ಕನ್ನು ತಿರುಗಿಸಿತು. ದ್ವೀಪಗಳ ಕೇಂದ್ರಗಳಲ್ಲಿ ತಯಾರಾದ ಕಾರ್ಯಕ್ರಮಗಳನ್ನು ಆಯ್ದು, ಉಪಗ್ರಹದ ಮೂಲಕ ಯುರೋಪಿನ ಫ್ರಾನ್ಸಿಗೆ ತೋರಿಸಿತು.

ಇನ್ನೊಂದು ಲಾಭವೂ ಇತ್ತು. ದ್ವೀಪಗಳು ಒಂದನ್ನೊಂದು ನೋಡುವಂತಾಯಿತು. ಟಹೀಟಿಯವರಿಗೆ ಗ್ವಾಡಲೂಪ್ ಪ್ಯಾರಿಸ್‌ಗಿಂತಲೂ ಅಪರಿಚಿತ. ಅವರಿಬ್ಬರ ನಡುವೆ ಕೂತು ಮಾತನಾಡಿಸುವವರು ಯಾರಾದರೂ ಬೇಕಿತ್ತು. 2010ರ ಕೊನೆಯಲ್ಲಿ ದ್ವೀಪಗಳಿಗೆ ಡಿಜಿಟಲ್ ಟಿವಿ ಬಂದಾಗ, ಆರ್‌ಎಫ್‌ಓದ ಎರಡನೇ ಚಾನೆಲ್ ಇದ್ದ ಜಾಗಕ್ಕೆ ಫ್ರಾನ್ಸ್ ಓ ಬಂತು.

ಪ್ಯಾರಿಸ್‌ನಲ್ಲಿ ಇದನ್ನು ಯಾರು ನೋಡುತ್ತಿದ್ದರು?

ಮೊದಲಿಗೆ, ಅಲ್ಲಿ ನೆಲೆಸಿದ್ದ ದ್ವೀಪದ ಜನ. ಅವರು ಅಲ್ಲಿಗೆ ಬಂದಿದ್ದು ಹೇಗೆ ಅಂತ ತಿಳಿದುಕೊಳ್ಳಬೇಕು. 1963ರಲ್ಲಿ ಫ್ರೆಂಚ್ ಸರ್ಕಾರ ಬ್ಯುಮಿಡೋಮ್ ಅನ್ನುವ ಕಚೇರಿ ತೆರೆಯಿತು. ಗ್ವಾಡಲೂಪ್, ಮಾರ್ಟಿನಿಕ್, ರಿಯೂನಿಯನ್‌ಗಳಿಂದ ಯುವಕ ಯುವತಿಯರನ್ನು ಕೆಲಸಕ್ಕೆ ಅಂತ ಯುರೋಪಿನ ಫ್ರಾನ್ಸಿಗೆ ಕರೆತರುವುದೇ ಅದರ ಕೆಲಸ. 1981ರವರೆಗೆ ಅದು ನಡೆಯಿತು. ಬಂದವರಲ್ಲಿ ಎಷ್ಟೋ ಮಂದಿ ಆಸ್ಪತ್ರೆ, ಅಂಚೆ ಕಚೇರಿ, ಕಾರ್ಖಾನೆಗಳಲ್ಲಿ ದುಡಿದರು. ಕೆಲವು ಹೆಣ್ಣುಮಕ್ಕಳು ಮನೆಗೆಲಸಕ್ಕೆ ಹೋದರು.

ಅವರಿಗೆ ಊರು ಅಂದರೆ ಏಳರಿಂದ ಒಂಬತ್ತು ಸಾವಿರ ಕಿಲೋಮೀಟರ್ ದೂರ. ಟಿಕೆಟ್ ದುಬಾರಿ. ವರ್ಷಕ್ಕೊಮ್ಮೆ ಹೋಗುವುದೂ ಎಲ್ಲರ ಕೈಲಾಗದ ಮಾತು. ಅಂಥವರ ಮನೆಯಲ್ಲಿ ತಮ್ಮದೇ ಕ್ರಿಯೋಲ್ ಮಾತು ಟಿವಿಯಿಂದ ಕೇಳಿಸುವುದು ಸಣ್ಣ ವಿಷಯ ಅಲ್ಲ. ಮುಂಬೈಯಲ್ಲೋ ದೆಹಲಿಯಲ್ಲೋ ಇರುವ ಹಿರಿಯರು ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಹಾಕಿಕೊಂಡು ಕೂರುತ್ತಾರಲ್ವಾ, ಆ ಖುಷಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದರಲ್ಲಿ ಏನೇನು ಬರುತ್ತಿತ್ತು?

ವಾರ್ತೆ, ಸಾಕ್ಷ್ಯಚಿತ್ರ, ಸಂಗೀತ, ನಾಟಕ, ಕ್ರೀಡೆ, ಧಾರಾವಾಹಿ. 2013ರಿಂದ 2018ರವರೆಗೆ ರಿಯೂನಿಯನ್‌ನಲ್ಲೇ ಚಿತ್ರೀಕರಿಸಿದ ‘ಕಟ್!’ ಅನ್ನುವ ಧಾರಾವಾಹಿ ಬಂತು. ದ್ವೀಪದ ಬೀದಿ, ದ್ವೀಪದ ನಟರು, ದಿನದಿನದ ಕತೆ. ಫ್ರೆಂಚ್ ಟಿವಿಯಲ್ಲಿ ಅದು ಅಪರೂಪವೇ. ಯೂರೋವಿಷನ್ ಹಾಡಿನ ಸ್ಪರ್ಧೆಯ ಸೆಮಿಫೈನಲ್‌ಗಳನ್ನೂ ಕೆಲವು ವರ್ಷ ಇದೇ ಚಾನೆಲ್ ತೋರಿಸಿತು.

ಆದರೆ ಈ ಚಾನೆಲ್ಲಿನ ಬೆಲೆ ಗೊತ್ತಾಗುವುದು ಬೇರೆ ಕಡೆ ಎಲ್ಲೂ ಸಿಗದ ವಿಷಯಗಳಲ್ಲಿ. ಮಾರ್ಟಿನಿಕ್‌ನ ಯೋಲ್ ದೋಣಿ ಓಟವನ್ನೇ ತೆಗೆದುಕೊಳ್ಳಿ. ಪ್ರತಿ ವರ್ಷ ಜುಲೈ ಕೊನೆ, ಆಗಸ್ಟ್ ಶುರುವಿನ ಹೊತ್ತಿಗೆ ಇಡೀ ದ್ವೀಪ ಸುತ್ತುವ ಪಂದ್ಯ ಇದು. ದೋಣಿ ಉದ್ದ, ತೆಳು. ಅಡಿಯಲ್ಲಿ ಭಾರ ಹಿಡಿಯುವ ಕೀಲ್ ಇಲ್ಲ. ಚುಕ್ಕಾಣಿಯೂ ಇಲ್ಲ, ಹಿಂದೆ ನಿಂತವರು ಒಂದು ದೊಡ್ಡ ಹುಟ್ಟು ಹಿಡಿದು ದಾರಿ ತಿರುಗಿಸಬೇಕು. ಗಾಳಿ ಬಂದು ಹಾಯಿ ಉಬ್ಬಿದ ಕೂಡಲೇ ದೋಣಿ ಮಗುಚುವಂತೆ ವಾಲುತ್ತದೆ. ಆಗ ದೋಣಿಯವರು ಪಕ್ಕಕ್ಕೆ ಚಾಚಿದ ಮರದ ಗಳುಗಳ ಮೇಲೆ ಹತ್ತಿ, ನೀರಿನ ಮೇಲೆ ನೇತಾಡುತ್ತಾ ಮೈಭಾರದಿಂದ ಸಮ ಮಾಡುತ್ತಾರೆ. ಒಬ್ಬ ತಡಮಾಡಿದರೆ ಎಲ್ಲರೂ ನೀರಿಗೆ. ದಡದಲ್ಲಿ ಊರಿಗೆ ಊರೇ ನೆರೆದು ಕೂಗುತ್ತಿರುತ್ತದೆ. 2020ರ ಡಿಸೆಂಬರ್‌ನಲ್ಲಿ ಈ ದೋಣಿ ಪರಂಪರೆಯನ್ನು ಉಳಿಸಿದ ಕೆಲಸಕ್ಕೆ ಯುನೆಸ್ಕೋ ಮನ್ನಣೆ ಸಿಕ್ಕಿತು. ಅಷ್ಟರಲ್ಲಿ ಫ್ರಾನ್ಸ್ ಓ ಮುಚ್ಚಿ ನಾಲ್ಕು ತಿಂಗಳಾಗುತ್ತಾ ಬಂದಿತ್ತು.

ಇವೆಲ್ಲ ಹಬ್ಬ, ಆಟ ಆಯಿತು. ಗಂಭೀರ ವಿಷಯಕ್ಕೂ ಇಂಥ ಚಾನೆಲ್ ಬೇಕಾ?

ಅದಕ್ಕೇ ಜಾಸ್ತಿ ಬೇಕು. ಕ್ಲೋರ್‌ಡಿಕೋನ್ ಕತೆ ನೋಡಿ. ಬಾಳೆ ಗಿಡ ಕೊರೆಯುವ ಹುಳುವಿಗೆ ಹಾಕುವ ವಿಷ ಅದು. ಗ್ವಾಡಲೂಪ್ ಮತ್ತು ಮಾರ್ಟಿನಿಕ್‌ನ ಬಾಳೆ ತೋಟಗಳಲ್ಲಿ 1972ರಿಂದ ಬಳಸಿದರು. ಫ್ರಾನ್ಸ್ 1990ರಲ್ಲಿ ಅದನ್ನು ನಿಷೇಧಿಸಿತು. ಆದರೆ ಈ ಎರಡು ದ್ವೀಪಗಳಿಗೆ ಮಾತ್ರ ವಿಶೇಷ ಅನುಮತಿ ಕೊಟ್ಟು 1993ರವರೆಗೆ ಬಳಸಲು ಬಿಟ್ಟರು. ಮಣ್ಣು, ಹೊಳೆ, ಮೀನು ಎಲ್ಲದರಲ್ಲೂ ಅದು ಸೇರಿಕೊಂಡಿತು. ಅಲ್ಲಿನ ವಯಸ್ಕರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಅದರ ಅಂಶ ಇದೆ ಅಂತ ಫ್ರಾನ್ಸಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೇ ಹೇಳಿದೆ. ದಕ್ಷಿಣ ಕನ್ನಡದ ಗೇರು ತೋಟಗಳ ಎಂಡೋಸಲ್ಫಾನ್ ನೋವು ಗೊತ್ತಿರುವ ನಮಗೆ ಇದು ಎಂಥ ಅನ್ಯಾಯ ಅಂತ ಬೇಗ ಅರ್ಥವಾಗುತ್ತದೆ.

ದ್ವೀಪದ ಕೇಂದ್ರಗಳಿಗೆ ಇದು ಪದೇ ಪದೇ ಬರುವ ಮನೆ ಸುದ್ದಿ. ಪ್ಯಾರಿಸ್‌ನ ದೊಡ್ಡ ಚಾನೆಲ್‌ಗಳಿಗೆ ಎಂದೋ ಒಮ್ಮೆ ಬರುವ ದೂರದ ಸುದ್ದಿ. ತೀರ್ಮಾನ ತೆಗೆದುಕೊಳ್ಳುವವರು ಕೂತಿರುವುದು ಪ್ಯಾರಿಸ್‌ನಲ್ಲಿ. ಅವರ ಕಣ್ಣಿಗೆ ಬೀಳುವ ಕಡೆ ಈ ಸುದ್ದಿ ಬರಬೇಕಲ್ವಾ? ದೂರದ ಬೆಟ್ಟ ನುಣ್ಣಗೆ ಅನ್ನುವ ಹಾಗೆ, ಯುರೋಪಿನ ಫ್ರಾನ್ಸಿನ ಎಷ್ಟೋ ಜನರಿಗೆ ಈ ದ್ವೀಪಗಳು ರಜೆ ಕಳೆಯುವ ಜಾಗ, ಇಲ್ಲವೇ ಚಂಡಮಾರುತ ಬಂದಾಗ ನೆನಪಾಗುವ ಜಾಗ.

2010ರಲ್ಲಿ ಚಾನೆಲ್ ದೇಶಕ್ಕೆಲ್ಲ ಸಿಗುವಂತೆ ಮಾಡಿದ್ದು ಏಕೆ?

ಅದರ ಹಿಂದೆ ಒಂದು ದೊಡ್ಡ ಹೋರಾಟ ಇದೆ. 2009ರ ಆರಂಭದಲ್ಲಿ ಗ್ವಾಡಲೂಪ್‌ನಲ್ಲಿ 44 ದಿನ ಸಾರ್ವತ್ರಿಕ ಮುಷ್ಕರ ನಡೆಯಿತು. ದಿನಸಿ, ಪೆಟ್ರೋಲ್ ಬೆಲೆ ಯುರೋಪಿಗಿಂತ ದುಬಾರಿ, ಸಂಬಳ ಕಡಿಮೆ. ಜನ ರೊಚ್ಚಿಗೆದ್ದರು. ಮುಷ್ಕರ ಮಾರ್ಟಿನಿಕ್‌ಗೂ ಹಬ್ಬಿತು. ಆಗಿನ ಅಧ್ಯಕ್ಷ ನಿಕೊಲಾ ಸರ್ಕೋಜಿ ಕಡಲಾಚೆಯ ಪ್ರದೇಶಗಳ ಕುಂದುಕೊರತೆ ಕೇಳಲು ದೊಡ್ಡ ಸಮಾಲೋಚನೆ ಕರೆದರು. ಅದರ ನಂತರ ಬಂದ ತೀರ್ಮಾನಗಳಲ್ಲಿ ಫ್ರಾನ್ಸ್ ಓ ಎಲ್ಲರಿಗೂ ಉಚಿತವಾಗಿ ಸಿಗಬೇಕು ಅನ್ನುವುದೂ ಒಂದು. 2010ರ ಜುಲೈ 14ರಂದು, ಫ್ರಾನ್ಸಿನ ರಾಷ್ಟ್ರೀಯ ದಿನದಂದೇ, ಇಡೀ ದೇಶದ ಡಿಜಿಟಲ್ ಟಿವಿಯಲ್ಲಿ 19ನೇ ನಂಬರಿನಲ್ಲಿ ಅದು ಬರತೊಡಗಿತು.

ಅಂದರೆ ಅದು ಯಾರೋ ಸುಮ್ನೆ ಕೊಟ್ಟ ಉಡುಗೊರೆ ಅಲ್ಲ. ಬೀದಿಗಿಳಿದ ಜನರಿಗೆ ಸರ್ಕಾರ ಕೊಟ್ಟ ಮಾತು.

ಚಾನೆಲ್ ತನ್ನ ಕೆಲಸ ಸರಿಯಾಗಿ ಮಾಡಿತಾ?

ಪೂರ್ತಿ ಮಾಡಲಿಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು. ದೇಶಕ್ಕೆಲ್ಲ ಹೋದ ಮೇಲೆ ಅದರ ಹೆಗಲಿಗೆ ಇನ್ನೊಂದು ಹೊರೆ ಬಿತ್ತು. ಕಡಲಾಚೆಯ ಜನರ ಜೊತೆಗೆ, ಯುರೋಪಿನ ಫ್ರಾನ್ಸಿನಲ್ಲೇ ಇರುವ ಎಲ್ಲ ಬಗೆಯ ಜನರ, ನಗರದ ಹೊರವಲಯದ ಯುವಕರ ಬದುಕನ್ನೂ ತೋರಿಸಬೇಕು ಅಂದರು. ಎರಡೂ ಒಳ್ಳೆಯ ಕೆಲಸವೇ. ಆದರೆ ಒಂದೇ ಸಣ್ಣ ಚಾನೆಲ್‌ಗೆ ಎರಡನ್ನೂ ಹೊರಿಸಿ, ಹಣ ಮಾತ್ರ ದೊಡ್ಡ ಚಾನೆಲ್‌ಗಳಿಗೆ ಹೋಲಿಸಿದರೆ ಅತ್ಯಲ್ಪ ಕೊಟ್ಟರು. ಗಂಟೆಗಳನ್ನು ತುಂಬಿಸಲು ಲ್ಯಾಟಿನ್ ಅಮೆರಿಕದ ಧಾರಾವಾಹಿ, ಅಮೆರಿಕದ ಸರಣಿಗಳೂ ಬಂದವು. ಇದು ನಮ್ಮ ಚಾನೆಲ್ ಹೌದೋ ಅಲ್ವೋ ಅಂತ ದ್ವೀಪದ ಜನರೇ ಕೇಳುವ ಹಾಗಾಯಿತು.

ನಾನು ಇದರಲ್ಲಿ ಚಾನೆಲ್ಲಿನಲ್ಲಿ ದುಡಿದವರ ತಪ್ಪಿಗಿಂತ ಮೇಲಿನವರ ತಪ್ಪನ್ನು ಜಾಸ್ತಿ ಕಾಣುತ್ತೇನೆ. ಕೆಲಸ ಏನು ಅಂತ ಎರಡು ಮೂರು ಸಲ ಬದಲಾಯಿಸಿ, ಆಮೇಲೆ ಕೆಲಸ ಆಗಲಿಲ್ಲ ಅಂದರೆ ಹೇಗೆ?

ಹಾಗಾದರೆ ಮುಚ್ಚಲು ಕೊಟ್ಟ ಕಾರಣ ಏನು?

2018ರ ಜುಲೈನಲ್ಲಿ ಸರ್ಕಾರ ಮುಚ್ಚುವ ತೀರ್ಮಾನ ಪ್ರಕಟಿಸಿತು. ಆಗ ಅಧ್ಯಕ್ಷರು ಎಮ್ಯಾನುಯೆಲ್ ಮ್ಯಾಕ್ರಾನ್, ಸಂಸ್ಕೃತಿ ಸಚಿವರು ಫ್ರಾಂಸ್ವಾಸ್ ನಿಸೆನ್. ಸಾರ್ವಜನಿಕ ಟಿವಿಯ ಖರ್ಚು ಕಡಿಮೆ ಮಾಡಬೇಕಿತ್ತು. ಫ್ರಾನ್ಸ್ ಓ ನೋಡುವವರ ಪಾಲು 1%ಗಿಂತಲೂ ಕಡಿಮೆ ಇತ್ತು. ಯಾರೂ ನೋಡದ ಮೂಲೆಯ ಚಾನೆಲ್‌ಗಿಂತ, ಎಲ್ಲರೂ ನೋಡುವ ಫ್ರಾನ್ಸ್ 2, ಫ್ರಾನ್ಸ್ 3ರಲ್ಲೇ ದ್ವೀಪಗಳನ್ನು ತೋರಿಸುತ್ತೇವೆ ಅನ್ನುವುದು ವಾದ.

ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ದೊಡ್ಡ ಚಾನೆಲ್‌ನಲ್ಲಿ ಬಂದರೆ ಹೆಚ್ಚು ಜನ ನೋಡುತ್ತಾರೆ, ಸರಿ. ಆದರೆ ಅದಕ್ಕೆ ಇದನ್ನು ಮುಚ್ಚಲೇಬೇಕಿತ್ತಾ? ಅಲ್ಲದೆ ಆಗ ಟಿವಿ ಇಟ್ಟುಕೊಂಡ ಪ್ರತಿ ಮನೆಯೂ ವರ್ಷಕ್ಕೆ ಸಾರ್ವಜನಿಕ ಟಿವಿ ಶುಲ್ಕ ಕಟ್ಟುತ್ತಿತ್ತು. 2020ರಲ್ಲಿ ಅದು ಯುರೋಪಿನ ಫ್ರಾನ್ಸಿನಲ್ಲಿ 138 ಯೂರೋ, ಕಡಲಾಚೆಯ ಜಿಲ್ಲೆಗಳಲ್ಲಿ 88 ಯೂರೋ. ಹಣ ಕಟ್ಟುವವರಲ್ಲಿ ದ್ವೀಪದವರೂ ಇದ್ದರು. ಸಾರ್ವಜನಿಕ ಚಾನೆಲ್ ಇರುವುದೇ ಮಾರುಕಟ್ಟೆ ಕೈಬಿಟ್ಟವರಿಗಾಗಿ. ಅದನ್ನು ನೋಡುಗರ ಲೆಕ್ಕದ ಒಂದೇ ತಕ್ಕಡಿಯಲ್ಲಿ ತೂಗಿದರೆ ಸಣ್ಣ ಸಮುದಾಯಗಳು ಯಾವತ್ತೂ ಸೋಲುತ್ತವೆ.

ಯಾರೂ ವಿರೋಧ ಮಾಡಲಿಲ್ವಾ?

ಮಾಡಿದರು. ಸಹಿ ಸಂಗ್ರಹ ನಡೆಯಿತು. ಕಲಾವಿದರು, ಪತ್ರಕರ್ತರು, ದ್ವೀಪಗಳಿಂದ ಆಯ್ಕೆಯಾದ ಸಂಸದರು ದನಿ ಎತ್ತಿದರು. ತೀರ್ಮಾನ ಬದಲಾಗಲಿಲ್ಲ.

ಜೊತೆಗೆ ಮುಚ್ಚಬೇಕಿದ್ದ ಫ್ರಾನ್ಸ್ 4 ಉಳಿದುಕೊಂಡಿದ್ದು ಹೇಗೆ?

ಅದು ಮಕ್ಕಳ ಚಾನೆಲ್. 2020ರ ಲಾಕ್‌ಡೌನ್‌ನಲ್ಲಿ ಶಾಲೆ ಮುಚ್ಚಿದಾಗ ಟಿವಿಯಲ್ಲೇ ಪಾಠ ಹೇಳಿಸಿತು. ಅದು ಮನೆಮನೆಗೆ ಉಪಯೋಗವಾಯಿತು. ಮೊದಲು ಒಂದು ವರ್ಷ ಮುಂದೂಡಿದರು, 2021ರಲ್ಲಿ ಉಳಿಸಿಕೊಂಡರು. ಫ್ರಾನ್ಸ್ ಓಗೆ ಆ ಅವಕಾಶ ಸಿಗಲಿಲ್ಲ. ಅದು ಮುಚ್ಚಿ ಆರು ವಾರಕ್ಕೆ, 2020ರ ಅಕ್ಟೋಬರ್ 4ರಂದು, ಫ್ರಾನ್ಸಿನಿಂದ ಬೇರೆಯಾಗಬೇಕೇ ಬೇಡವೇ ಅಂತ ನ್ಯೂ ಕ್ಯಾಲಿಡೋನಿಯಾ ಎರಡನೇ ಸಲ ಮತ ಹಾಕಿತು. 53% ಜನ ಬೇಡ ಅಂದರು. ದೇಶದ ಒಂದು ಭಾಗ ಉಳಿಯುತ್ತೋ ಹೋಗುತ್ತೋ ಅನ್ನುವ ಹೊತ್ತಿನಲ್ಲಿ, ಆ ಭಾಗವನ್ನು ದಿನವೂ ತೋರಿಸುತ್ತಿದ್ದ ಚಾನೆಲ್ ಇರಲಿಲ್ಲ. ನನಗೆ ತುಂಬಾ ಬೇಜಾರಾಗುವ ಸಂಗತಿ ಇದು.

ಚಾನೆಲ್ ಮುಚ್ಚಿದ ಮೇಲೆ ದ್ವೀಪಗಳಲ್ಲಿ ಸ್ಥಳೀಯ ಟಿವಿಯೂ ನಿಂತುಹೋಯಿತಾ?

ಇಲ್ಲ. ಈ ಗೊಂದಲ ತುಂಬಾ ಜನರಿಗಿದೆ. ಮಾರ್ಟಿನಿಕ್, ಗ್ವಾಡಲೂಪ್, ರಿಯೂನಿಯನ್, ಪಾಲಿನೇಷಿಯಾ ಮೊದಲಾದ ಒಂಬತ್ತೂ ಕಡೆ ‘ಲಾ ಪ್ರಮಿಯೇರ್’ ಅನ್ನುವ ಸ್ಥಳೀಯ ಟಿವಿ ಮತ್ತು ರೇಡಿಯೋ ಈಗಲೂ ನಡೆಯುತ್ತಿವೆ. 2010ರವರೆಗೆ ಇವಕ್ಕೇ ಆರ್‌ಎಫ್‌ಓ ಅನ್ನುತ್ತಿದ್ದರು. ಟಹೀಟಿಯಲ್ಲಿ ಟಹೀಟಿ ಭಾಷೆಯ ವಾರ್ತೆಯೂ ಬರುತ್ತದೆ. ದ್ವೀಪದವರು ತಮ್ಮನ್ನು ತಾವು ನೋಡಿಕೊಳ್ಳುವುದು ನಿಂತಿಲ್ಲ. ನಿಂತಿದ್ದು ಉಳಿದ ಫ್ರಾನ್ಸ್ ಅವರನ್ನು ನೋಡಲು ಇದ್ದ ಕಿಟಕಿ. ನಷ್ಟ ಆಗಿದ್ದು ದ್ವೀಪಗಳಿಗಿಂತ ಪ್ಯಾರಿಸ್‌ಗೇ ಜಾಸ್ತಿ ಅಂತ ನಾನು ಹೇಳುವುದು ಅದಕ್ಕೆ.

ಬದಲಿಗೆ ಏನು ಕೊಟ್ಟರು?

ಎರಡು ಕೊಟ್ಟರು. ಒಂದು, 2020ರಲ್ಲಿ ಹೊಸ ರೂಪ ಪಡೆದ ಲಾ ಪ್ರಮಿಯೇರ್ ವೆಬ್ ತಾಣ. ಒಂಬತ್ತೂ ಕಡೆಯ ಸುದ್ದಿ, ವಿಡಿಯೋ ಅಲ್ಲಿ ಸಿಗುತ್ತದೆ. ಎರಡು, 2019ರ ಜುಲೈನಲ್ಲಿ ಮಾಡಿಕೊಂಡ ಒಪ್ಪಂದ. ದೊಡ್ಡ ಚಾನೆಲ್‌ಗಳ ವಾರ್ತೆ, ಹವಾಮಾನ, ಸಂಜೆಯ ಮುಖ್ಯ ಕಾರ್ಯಕ್ರಮಗಳಲ್ಲಿ ದ್ವೀಪಗಳಿಗೆ ಜಾಗ ಕೊಡುತ್ತೇವೆ ಅಂತ ಫ್ರಾನ್ಸ್ ಟೆಲಿವಿಷನ್ಸ್ ಅದರಲ್ಲಿ ಮಾತು ಕೊಟ್ಟಿದೆ.

ಇದರಿಂದ ಒಳ್ಳೆಯದೂ ಆಗಿದೆ. ಮಾರ್ಟಿನಿಕ್‌ನಲ್ಲಿ ನಡೆಯುವ ‘ಟ್ರಾಪಿಕ್ ಕ್ರಿಮಿನೆಲ್’ ಪೊಲೀಸ್ ಸರಣಿ 2019ರಿಂದ ಫ್ರಾನ್ಸ್ 2ರಲ್ಲಿ ಬಂದು ದೊಡ್ಡ ಸಂಖ್ಯೆಯ ಜನ ನೋಡಿದರು. ಆದರೆ ಕಡಲತೀರದ ಕೊಲೆ ಕತೆ ಒಂದು, ವಿಷ ಸೇರಿದ ಮಣ್ಣಿನ ಬಗ್ಗೆ ಒಂದು ಗಂಟೆಯ ಚರ್ಚೆ ಇನ್ನೊಂದು. ಮೊದಲನೆಯದಕ್ಕೆ ದೊಡ್ಡ ಚಾನೆಲ್‌ನಲ್ಲಿ ಸುಲಭವಾಗಿ ಜಾಗ ಸಿಗುತ್ತದೆ. ಎರಡನೆಯದಕ್ಕೆ ಪ್ರತಿ ಸಲವೂ ಯಾರನ್ನೋ ಒಪ್ಪಿಸಬೇಕು. ಇನ್ನು ವೆಬ್ ತಾಣಕ್ಕೆ ಹುಡುಕಿಕೊಂಡು ಬರುವವರು ಆಗಲೇ ಆಸಕ್ತಿ ಇರುವವರು. ರಿಮೋಟ್ ಒತ್ತುತ್ತಾ ಹೋಗುವಾಗ ಅಕಸ್ಮಾತ್ ಕಣ್ಣಿಗೆ ಬಿದ್ದು ನಿಂತು ನೋಡುವ ಅವಕಾಶ ಅಲ್ಲಿಲ್ಲ.

19ನೇ ನಂಬರಿನಲ್ಲಿ ಆಮೇಲೆ ಏನು ಬಂತು?

2021ರ ಫೆಬ್ರವರಿ 1ರಿಂದ ಕೆಲವು ತಿಂಗಳು ಕಲ್ಚರ್‌ಬಾಕ್ಸ್ ಅನ್ನುವ ತಾತ್ಕಾಲಿಕ ಚಾನೆಲ್‌ಗೆ ಆ ಜಾಗ ಕೊಟ್ಟಿದ್ದರು. ಕೋವಿಡ್‌ನಿಂದ ರಂಗಮಂದಿರಗಳು ಮುಚ್ಚಿದ್ದ ಕಾಲ, ನಾಟಕ ಸಂಗೀತ ತೋರಿಸಲು ಮಾಡಿದ್ದು. ಆಮೇಲೆ ಅದು ಬೇರೆ ನಂಬರಿಗೆ ಹೋಯಿತು.

ಕನ್ನಡಿಗರಿಗೆ ಈ ಊರುಗಳ ಜೊತೆ ಏನಾದರೂ ನಂಟು ಇದೆಯಾ?

ಇದೆ. ಫ್ರೆಂಚ್ ಗಯಾನದ ಕುರು ಉಡಾವಣಾ ಕೇಂದ್ರದಿಂದ ಇಸ್ರೋದ ಎಷ್ಟೋ ಉಪಗ್ರಹಗಳು ಹಾರಿವೆ. ಇಸ್ರೋದ ಮುಖ್ಯ ಕಚೇರಿ ಬೆಂಗಳೂರಿನಲ್ಲಿ, ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ಹಾಸನದಲ್ಲಿ. 2020ರ ಜನವರಿಯಲ್ಲಿ ಕುರುವಿನಿಂದ ಹೋದ ಜಿಸ್ಯಾಟ್-30 ಟಿವಿ, ಡಿಟಿಎಚ್ ಪ್ರಸಾರಕ್ಕೇ ಬಳಕೆಯಾಗುವ ಉಪಗ್ರಹ.

ರಿಯೂನಿಯನ್‌ನ ನಂಟು ಇನ್ನೂ ಹಳೆಯದು. 1848ರಲ್ಲಿ ಅಲ್ಲಿ ಗುಲಾಮಗಿರಿ ನಿಂತ ಮೇಲೆ ಕಬ್ಬಿನ ಗದ್ದೆಗಳಿಗೆ ದಕ್ಷಿಣ ಭಾರತದಿಂದ, ಹೆಚ್ಚಾಗಿ ತಮಿಳು ನಾಡಿನ ಕಡೆಯಿಂದ, ಕೂಲಿಯಾಳುಗಳನ್ನು ಕರಾರಿನ ಮೇಲೆ ಒಯ್ದರು. ಅವರ ಮಕ್ಕಳು ಮೊಮ್ಮಕ್ಕಳನ್ನು ಅಲ್ಲಿ ಮಲಬಾರ್ ಅನ್ನುತ್ತಾರೆ. ಅವರು ದ್ರೌಪದಿಯನ್ನು ಪಾಂಡ್ಯಾಲೆ ಅನ್ನುವ ಹೆಸರಿನಲ್ಲಿ ಪೂಜಿಸಿ, ವ್ರತ ಹಿಡಿದು ಕೆಂಡ ಹಾಯುತ್ತಾರೆ. ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ದ್ರೌಪದಿಯ ಕರಗ ಹೊರಡುವುದನ್ನು ರಾತ್ರಿಯಿಡೀ ನಿಂತು ನೋಡಿದವರಿಗೆ ಆ ಭಕ್ತಿ ಹೊಸದು ಅನ್ನಿಸುವುದಿಲ್ಲ. ಇಂಥದ್ದನ್ನು ಮೂಢನಂಬಿಕೆ ಅಂತಲೂ ಅಲ್ಲ, ಪ್ರವಾಸಿಗರ ತಮಾಷೆ ಅಂತಲೂ ಅಲ್ಲ, ದೇಶದ ಒಂದು ಭಾಗದ ಜನರ ಬದುಕು ಅಂತ ತೋರಿಸುವ ಜಾಗ ಬೇಕು.

ಈಗ ಇಲ್ಲಿಂದ ಏನಾದರೂ ನೋಡಬಹುದಾ?

ಲಾ ಪ್ರಮಿಯೇರ್ ವೆಬ್ ತಾಣದಲ್ಲಿ ಒಂಬತ್ತೂ ಕೇಂದ್ರಗಳ ಸುದ್ದಿ ಓದಬಹುದು. ಕೆಲವು ವಿಡಿಯೋಗಳು ಹೊರದೇಶದಲ್ಲಿ ತೆರೆಯುವುದಿಲ್ಲ, ಸುದ್ದಿಯ ತುಣುಕುಗಳಿಗೆ ಸಾಮಾನ್ಯವಾಗಿ ಆ ತೊಂದರೆ ಇರುವುದಿಲ್ಲ. ಭಾಷೆ ಫ್ರೆಂಚ್. ಮಾತು ಗೊತ್ತಿಲ್ಲದಿದ್ದರೂ ಯೋಲ್ ಓಟ, ರಿಯೂನಿಯನ್‌ನ ಮಾಲೋಯಾ ಹಾಡು ನೋಡಿ ಕೇಳಲು ಅಡ್ಡಿ ಇಲ್ಲ. ಫ್ರಾನ್ಸಿನ ಹಳೆಯ ಟಿವಿ ಪ್ರಸಾರಗಳನ್ನು ಕಾಪಾಡುವ ಹೊಣೆ ಐಎನ್‌ಎ ಅನ್ನುವ ರಾಷ್ಟ್ರೀಯ ಸಂಸ್ಥೆಯದು. ಸಂಶೋಧನೆಗೆ ಅಂತ ಪ್ಯಾರಿಸ್‌ಗೆ ಹೋಗುವವರು ಹಳೆಯ ಕಾರ್ಯಕ್ರಮಗಳ ಬಗ್ಗೆ ಅಲ್ಲೇ ವಿಚಾರಿಸಬೇಕು.